ಕೊಕ್ಕೆಯ ಮೇಲಿನ ಎಳೆಗಳು

ಕುಮಟೆಯ ಮಿತ್ರರೊಬ್ಬರು ತಾವು ಹೊಸದಾಗಿ ತರಿಸಿದ ಎಂಟು ಆಕ್ಸಲ್ಲಿನ ಡೈಕಾಸ್ಟ್ ಕ್ರೇನನ್ನು ಕಳೆದ ಭಾನುವಾರ ನನ್ನ ಮೇಜಿನ ಮೇಲಿರಿಸಿ, ಅದರ ವರ್ಣಲೇಪನವನ್ನು ಕುರಿತು ಈ ವಾರ ನಾಲ್ಕು ಮಾತು ಬರೆಯಬೇಕೆಂದು ಕೇಳಿಕೊಂಡರು. ಬಣ್ಣವು ಸೊಗಸಾಗಿದೆ, ತೂಕವೂ ನ್ಯಾಯವಾಗಿದೆ. ಆಕ್ಸಲ್ಲೊಂದಕ್ಕೆ 12 ಟನ್ನಿನಂತೆ 96 ಟನ್ ತೂಗುವ ಮೂಲಯಂತ್ರವನ್ನು 1:50ಕ್ಕೆ ಇಳಿಸಿದಾಗ ಭಾರವು 1,25,000ದಲ್ಲಿ ಒಂದು ಪಾಲಾಗಿ, ಸುಮಾರು 770 ಗ್ರಾಮಿಗೆ ನಿಲ್ಲತಕ್ಕದ್ದು. ಅಂಗೈಗೆ ಅದಕ್ಕಿಂತ ಹಗುರವೆನಿಸುವ ಮಾದರಿಯನ್ನು ನಾನು ನಂಬುವುದಿಲ್ಲ.

ಆದರೆ ನನ್ನ ದೃಷ್ಟಿ ನೆಟ್ಟದ್ದು ಹಗ್ಗದಲ್ಲಿ. ಶರಾವತಿಯ ಆಚೆ ದಡದ ಕಾಸರಕೋಡಿನಲ್ಲಿ ಹೈಡ್ರಾ ಕ್ರೇನು ದೋಣಿಯನ್ನೆತ್ತುವಾಗ ಸುತ್ತ ನೆರೆದ ಮೀನುಗಾರರಲ್ಲಿ ಒಬ್ಬನೂ ಯಂತ್ರದ ಬಣ್ಣವನ್ನು ನೋಡುವುದಿಲ್ಲ. ಎಲ್ಲರ ಕಣ್ಣೂ ಕೊಕ್ಕೆಯ ಮೇಲೆ, ಬಿಗಿಯುತ್ತಿರುವ ಹಗ್ಗದ ಮೇಲೆ. ಮಾದರಿಯ ಪರೀಕ್ಷೆಯೂ ಅಲ್ಲಿಂದಲೇ ಆರಂಭವಾಗಬೇಕು. ಮಿತ್ರರ ಕ್ರೇನಿನ ಹುಕ್ ಬ್ಲಾಕಿನಲ್ಲಿ ಐದು ರಾಟೆಗಳಿವೆ, ಐದೂ ತಿರುಗುತ್ತವೆ. ಆದರೂ ತಯಾರಕರು ಹಾಯಿಸಿದ್ದು ಎರಡೇ ಎಳೆ. ಐದು ರಾಟೆಗೆ ಹತ್ತು ಎಳೆ ಬರಬೇಕು, ಒಂದೊಂದು ಎಳೆಯೂ ಭಾರದ ಹತ್ತನೆಯ ಪಾಲನ್ನು ಹೊರಬೇಕು, ಹಗ್ಗದ ತುದಿಯು ಬೂಮಿನ ತಲೆಗೆ ಬಂದು ಕಟ್ಟಿಕೊಳ್ಳಬೇಕು. ಹನ್ನೊಂದನೆಯ ಎಳೆಯನ್ನು ಇಳಿಸಿದರೆ ಗಂಟು ಬ್ಲಾಕಿಗೇ ಬೀಳುತ್ತದೆ: ಸಮಸಂಖ್ಯೆಗೆ ಮೇಲೆ, ವಿಷಮಕ್ಕೆ ಕೆಳಗೆ. ಡಿಂಕಿಯವರು 1955ರಲ್ಲಿ ಹೊರತಂದ ಕೋಲ್ಸ್ ಕ್ರೇನು ಇಂದಿನ ಮಾದರಿಗಳ ಮುಂದೆ ಒರಟಾದ ಆಟಿಕೆ. ಆದರೂ ಕೈಹಿಡಿಯನ್ನು ತಿರುಗಿಸಿದೊಡನೆ ಅದರ ಕೊಕ್ಕೆ ಏರುತ್ತಿತ್ತು, ಎತ್ತುವುದೇ ಕ್ರೇನಿನ ಧರ್ಮವೆಂಬುದನ್ನು ಅದನ್ನು ರೂಪಿಸಿದವರು ಮರೆತಿರಲಿಲ್ಲ.

ಪೆಟ್ಟಿಗೆಯನ್ನು ತೆರೆಯದೆಯೇ ಮಾದರಿಯನ್ನು ಕಾಪಾಡಬೇಕೆನ್ನುವ ಪಂಥದವರೊಡನೆ ನನಗೆ ಹಳೆಯ ವಿವಾದವಿದೆ. ತೆರೆಯದ ಪೆಟ್ಟಿಗೆಯಲ್ಲಿ ಎಳೆಗಳನ್ನು ಎಣಿಸುವುದೆಂತು? ಅಲ್ಲದೆ, ಭಟ್ಕಳದಿಂದ ಕುಮಟೆಯವರೆಗಿನ ನಮ್ಮ ಕಡಲತಡಿಯ ಮಳೆಗಾಲವನ್ನು ಅವರು ಲೆಕ್ಕಕ್ಕೆ ಹಿಡಿದಿಲ್ಲ. ಸತುವಿನ ಎರಕದಲ್ಲಿ ಸೀಸದ ಕಲ್ಮಷವು ಲೇಶಮಾತ್ರ ಸೇರಿದ್ದರೂ ತೇವದ ಹವೆಯಲ್ಲಿ ಲೋಹವು ಒಳಗಿನಿಂದ ಉಬ್ಬಿ, ಬಿರಿದು, ಕಡೆಗೆ ಪುಡಿಯಾಗುತ್ತದೆ. ಯುದ್ಧಪೂರ್ವದ ಡಿಂಕಿ ಮಾದರಿಗಳು ಹಲವು ಹೀಗೆಯೇ ನಾಶವಾದವು. ಒಮ್ಮೆ ಹಿಡಿದ ಈ ಕೇಡಿಗೆ ಮದ್ದಿಲ್ಲ. ಮುಚ್ಚಿಟ್ಟವನಿಗೆ ಮೊದಲ ಬಿರುಕು ಕಾಣುವುದೂ ಇಲ್ಲ.

ನಾವಿಬ್ಬರೂ ಕುಳಿತು, ಕಾರ್ಖಾನೆಯ ದಾರವನ್ನು ಬಿಚ್ಚಿ, ಮೇಣ ತೀಡಿದ ಕಪ್ಪು ನೂಲನ್ನು ಚಿಮಟದಿಂದ ಒಂದೊಂದೇ ರಾಟೆಗೆ ಹಾಯಿಸುವಷ್ಟರಲ್ಲಿ ಸಂಜೆಯಾಯಿತು. ಹತ್ತು ಎಳೆಗಳೂ ಸಮನಾಗಿ ಬಿಗಿದು ಬ್ಲಾಕು ಓರೆಯಾಗದೆ ನಿಂತಾಗ ಆ ಮಾದರಿಯು ಮೊದಲ ಬಾರಿಗೆ ಕ್ರೇನಿನಂತೆ ಕಂಡಿತು. ಕೊಳ್ಳಲು ಯೋಗ್ಯವಾದ ವಸ್ತು; ಕೊಳ್ಳುವವರು ನೂಲನ್ನು ಮಾತ್ರ ತಾವೇ ಬದಲಿಸಿಕೊಳ್ಳಬೇಕು.