‘ಬೆಟ್ಟದ ಜೀವ’: ನೆಲೆ ನಿಲ್ಲುವ ಬಗೆ

ಡಾ. ಶಿವರಾಮ ಕಾರಂತರ ‘ಬೆಟ್ಟದ ಜೀವ’ ಪ್ರಕಟವಾದದ್ದು 1943ರಲ್ಲಿ. ಪಶ್ಚಿಮ ಘಟ್ಟದ ಮಡಿಲಿನ ಈ ಕಾದಂಬರಿಯನ್ನು ನಿಸರ್ಗದೊಡನೆ ಮನುಷ್ಯ ನಡೆಸುವ ಹೋರಾಟದ ಕಥೆಯೆಂದು ಓದುವುದು ವಾಡಿಕೆ. ಆ ಓದು ತಪ್ಪೇನಲ್ಲ. ಆದರೆ ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಕನ್ನಡಿಗರಾದ ನಮಗೆ ಅದರಲ್ಲಿ ಇನ್ನೊಂದು ಪ್ರಶ್ನೆಯೂ ಕೇಳಿಸಬೇಕು: ಅಪರಿಚಿತ ನೆಲದಲ್ಲಿ ಒಕ್ಕಲುತನ ಹೂಡಿದವನು ಆ ನೆಲದವನಾಗುವುದು ಯಾವಾಗ?

ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ನಿರೂಪಕನನ್ನು ದೇರಣ್ಣ ಮತ್ತು ಬಟ್ಯ ಎಂಬಿಬ್ಬರು ಕೆಳಬೈಲಿನ ಗೋಪಾಲಯ್ಯನವರ ಮನೆಗೆ ಮುಟ್ಟಿಸುತ್ತಾರೆ. ಕಾಡು ಕಡಿದು ತೋಟ ಎಬ್ಬಿಸಿದ ಹಿರಿಯ ಜೀವವದು. ಮಗ ಶಂಭು ಮನೆ ತೊರೆದು ಹೋಗಿದ್ದಾನೆ. ಆ ದುಃಖವನ್ನು ಒಡಲಲ್ಲಿಟ್ಟುಕೊಂಡೇ ದಂಪತಿಗಳು ಬಂದವನನ್ನು ಮಗನಂತೆ ಉಪಚರಿಸುತ್ತಾರೆ. ಹೊರಟವನನ್ನು ಮತ್ತೆ ಮತ್ತೆ ನಿಲ್ಲಿಸಿಕೊಳ್ಳುತ್ತಾರೆ. ಕಾಡಿನ ನಡುವೆ ಒಂಟಿ ಮನೆ ಮಾಡಿದವರಿಗೆ ಅತಿಥಿಯೆಂದರೆ ಭಾರವಲ್ಲ, ಬಂಧು. ಕಾರಂತರು ಇದನ್ನು ಉಪದೇಶವಾಗಿ ಹೇಳದೆ ಸ್ನಾನ, ಊಟ, ಹರಟೆಗಳ ಮೂಲಕವೇ ಕಾಣಿಸುತ್ತಾರೆ. ಕೃತಿಯ ದೊಡ್ಡ ಗೆಲುವು ಇದು.

ಕಾಟುಮೂಲೆಯಲ್ಲಿ ದುಡಿಯುವ ನಾರಾಯಣ, ಲಕ್ಷ್ಮಿಯರ ಪಾಡು ಬೇರೆ. ಬೆವರು ಅವರದು, ಭೂಮಿ ಗೋಪಾಲಯ್ಯನವರದು. ತಾವು ಬೆಳೆಸಿದ ತೋಟ ಕೊನೆಗೆ ತಮ್ಮದಾಗಿ ಉಳಿದೀತೇ ಎಂಬ ಅಳುಕು ಅವರನ್ನು ಬಿಡದು. ಕಾಡುಮೃಗಗಳ ಕಾಟಕ್ಕಿಂತಲೂ ಈ ಅಳುಕೇ ಒಕ್ಕಲಿಗನನ್ನು ಕಂಗೆಡಿಸುವಂಥದು. ಬರಿಯ ದುಡಿಮೆಯಿಂದ ನೆಲೆ ದೊರೆಯದು. ನಾಳೆಯೂ ಇಲ್ಲಿರುವೆನೆಂಬ ಭರವಸೆ ಬೇಕು. ಅದನ್ನು ಕೊಡಬೇಕಾದವರು ನೆರೆಯವರು.

ಇಲ್ಲಿಯೇ ಒಂದು ಕೊರತೆಯನ್ನೂ ಹೇಳಬೇಕು. ದಾರಿ ತೋರಿಸಿದ ದೇರಣ್ಣ, ಬಟ್ಯರ ಬದುಕು ಗೋಪಾಲಯ್ಯನವರ ಮನೆಯ ಬದುಕಿನಷ್ಟು ವಿಸ್ತಾರವಾಗಿ ತೆರೆದುಕೊಳ್ಳುವುದಿಲ್ಲ. ಕಾಡಿನ ಕಾಲುದಾರಿ ಬಲ್ಲವರು ಅವರು. ಅವರಿಲ್ಲದಿದ್ದರೆ ಕಥೆಯೇ ಇಲ್ಲ. ಆದರೂ ಕಾದಂಬರಿ ಯಜಮಾನರ ಜಗಲಿಯಿಂದಲೇ ಬೆಟ್ಟವನ್ನು ಹೆಚ್ಚಾಗಿ ನೋಡುತ್ತದೆ. ಬಟ್ಯನ ಗುಡಿಸಲಿನಿಂದ ನೋಡಿದ್ದರೆ ಅದೇ ಬೆಟ್ಟ ಹೇಗೆ ಕಾಣುತ್ತಿತ್ತೋ ಎಂಬ ಕುತೂಹಲ ಓದು ಮುಗಿದ ಮೇಲೂ ಉಳಿಯುತ್ತದೆ.

ಕರಿಮಣ್ಣಿನ, ಜೋಳ ತೊಗರಿಯ ಸೀಮೆಯವರಾದ ನಮಗೆ ಅಡಿಕೆ ತೋಟದ ಕನ್ನಡ ಮೊದಮೊದಲು ಪರದೇಶಿಯೆನಿಸುವುದು ಸಹಜ. ಹತ್ತು ಪುಟ ಕಳೆದರೆ ಓದುಗನೂ ನಿರೂಪಕನಂತೆ ದಾರಿ ತಪ್ಪಿ ಮನೆ ಸೇರುತ್ತಾನೆ.

ನಾವಂತೂ ಎಲ್ಲಿಂದಲೋ ಬಂದು ನೆಲೆಸಿದವರಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ ನಿಂತ ನೆಲ ಬಿಡದೆಯೇ ಮೊದಲು ಮುಂಬಯಿ ರಾಜ್ಯದವರಾದೆವು, 1960ರಲ್ಲಿ ಮಹಾರಾಷ್ಟ್ರದವರಾದೆವು. ಹೊಲ ಅದೇ, ಬಾವಿ ಅದೇ; ಕಚೇರಿಯ ಭಾಷೆ ಬೇರೆಯಾಯಿತು. 1993ರ ಸೆಪ್ಟೆಂಬರ್ 30ರ ಭೂಕಂಪದ ಬಳಿಕ ಕಿಲ್ಲಾರಿ, ಸಾಸ್ತೂರು ಸುತ್ತಿನ ಎಷ್ಟೋ ಊರುಗಳು ಹೊಸ ಜಾಗಕ್ಕೆ ಹೋದವು. ಮನೆಗಳನ್ನು ಕಟ್ಟಿಕೊಡಬಹುದು, ನೆರೆಹೊರೆಯನ್ನು ಕಟ್ಟಿಕೊಡುವುದು ಯಾರಿಂದಲೂ ಆಗದು ಎಂಬುದನ್ನು ಆಗ ಕಣ್ಣಾರೆ ಕಂಡಿದ್ದೇವೆ.

ಇಷ್ಟನ್ನು ಬಲ್ಲ ನಾವು, ಕಬ್ಬು ಕಡಿಯಲು ಬಂದು ನಮ್ಮ ಹೊಲದ ಅಂಚಿನಲ್ಲಿ ಗುಡಿಸಲು ಹಾಕುವ ಕುಟುಂಬಗಳನ್ನು ಹೇಗೆ ಕಾಣುತ್ತೇವೆ? ಅವರ ಮಕ್ಕಳ ಹೆಸರನ್ನು ಒಮ್ಮೆಯಾದರೂ ಕೇಳಿದ್ದೇವೆಯೇ? ನಮ್ಮನ್ನು ಹೊರಗಿನವರೆಂದರೆ ನೊಂದುಕೊಳ್ಳುವ ನಾವು ಅದೇ ಮಾತನ್ನು ಅವರಿಗೆ ಆಡುತ್ತಿಲ್ಲವೇ? ಗೋಪಾಲಯ್ಯನವರ ಜಗಲಿ ನಮ್ಮ ಮುಂದಿಡುವ ಪ್ರಶ್ನೆ ಇದು.

ಮರಾಠಿ ಶಾಲೆಯಲ್ಲಿ ಓದುವ ನಮ್ಮ ಮೊಮ್ಮಕ್ಕಳಲ್ಲಿ ಹಲವರಿಗೆ ಕನ್ನಡ ಅಕ್ಷರ ಬಾರದು. ಕಿವಿಗೆ ಕನ್ನಡ ಬರುತ್ತದೆ. ಸಂಘದ ಬಾಂಧವರು ಈ ಕಾದಂಬರಿಯನ್ನು ರಾತ್ರಿ ಊಟದ ನಂತರ ಮನೆಯವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಲಿ. ಮಕ್ಕಳು ಬಟ್ಯನ ಬಗ್ಗೆ ಕೇಳಿದರೆ ಅಲ್ಲಿಯೇ ನಿಲ್ಲಿಸಿ ಮಾತಾಡಲಿ.