ನಲವತ್ತೆಂಟು ಸಾವಿರ ರೂಪಾಯಿಯ ಪರೀಕ್ಷೆ

ಸರ್ಕಾರಿ ಶಾಲೆಯ ಎಂಟನೇ ತರಗತಿಗೆ ದಸರಾ ರಜೆ ಮುಗಿಯುತ್ತಿದ್ದಂತೆ ವೇಳಾಪಟ್ಟಿಯಲ್ಲಿಲ್ಲದ ಪೀರಿಯಡ್ಡೊಂದು ಸೇರಿಕೊಳ್ಳುತ್ತದೆ. ಕೆಲವು ಕಡೆ ಬೆಳಗಿನ ಪ್ರಾರ್ಥನೆಗೆ ಮುಂಚೆ, ಕೆಲವು ಕಡೆ ಸಂಜೆಯ ಆಟದ ಹೊತ್ತನ್ನು ನುಂಗಿ. ಮೇಷ್ಟ್ರು ಬೋರ್ಡಿನ ಮೇಲೆ 2, 6, 12, 20 ಎಂದು ಬರೆದು ಮುಂದಿನದು ಯಾವುದೆಂದು ಕೇಳುತ್ತಾರೆ. ಆಮೇಲೆ ಕನ್ನಡಿಯಲ್ಲಿ ಕಂಡ ಗಡಿಯಾರ, ಒಂದರೊಳಗೊಂದು ಹುದುಗಿದ ತ್ರಿಕೋನಗಳ ಎಣಿಕೆ, ಅತ್ತೆಯ ಗಂಡನ ಮಾವ ನನಗೇನಾಗಬೇಕು ಎಂಬ ನಂಟಿನ ಲೆಕ್ಕ. ಎನ್‌ಎಂಎಂಎಸ್ ತಯಾರಿ ಎಂದರೆ ಇದು. ರಾಷ್ಟ್ರೀಯ ಆದಾಯ ಹಾಗೂ ಅರ್ಹತೆ ಆಧಾರಿತ ವಿದ್ಯಾರ್ಥಿವೇತನ ಎಂಬ ಪೂರ್ತಿ ಹೆಸರು ಸುತ್ತೋಲೆಯಲ್ಲಷ್ಟೇ ಬದುಕಿದೆ.

ಕೇಂದ್ರ ಸರ್ಕಾರ ಇದನ್ನು ಶುರು ಮಾಡಿದ್ದು 2008ರಲ್ಲಿ. ಆಗ ವರ್ಷಕ್ಕೆ 6,000 ರೂಪಾಯಿ, 2017ರಿಂದ 12,000. ಎಂಟನೆಯಲ್ಲಿ ಪರೀಕ್ಷೆ ಬರೆದು ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ, ಒಟ್ಟು ನಾಲ್ಕು ವರ್ಷ, 48,000 ರೂಪಾಯಿ ಸಿಗುತ್ತದೆ. ಸರ್ಕಾರಿ, ಅನುದಾನಿತ ಹಾಗೂ ಸ್ಥಳೀಯ ಸಂಸ್ಥೆಗಳ ಶಾಲೆಯವರಿಗೆ ಮಾತ್ರ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಊಟ ವಸತಿ ಕೊಡುವ ಸರ್ಕಾರಿ ವಸತಿ ಶಾಲೆಗಳ ಮಕ್ಕಳಿಗೂ ಇಲ್ಲ. ದೇಶಕ್ಕೆಲ್ಲ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿವೇತನ, ಅದರಲ್ಲಿ ಕರ್ನಾಟಕದ ಪಾಲು 5,534.

ಇಷ್ಟಕ್ಕೆ ಹದಿಮೂರರ ಮಗು ಆಟ ಬಿಟ್ಟು ಕೂರಬೇಕೆ? ಬರೆಯಲಿ ಎನ್ನುವವನು ನಾನು. ಆದರೆ ಈ ಯೋಜನೆ ತನ್ನ ಬಗ್ಗೆ ತಾನು ಹೇಳಿಕೊಳ್ಳುವ ಕಾರಣಕ್ಕಾಗಿ ಅಲ್ಲ.

ಅದು ಹೇಳಿಕೊಳ್ಳುವುದು ಹೀಗೆ: ಬಡ ಮನೆಯ ಪ್ರತಿಭಾವಂತ ಮಕ್ಕಳು ಎಂಟನೆಯ ನಂತರ ಶಾಲೆ ಬಿಡುವುದನ್ನು ತಡೆಯುವುದು. ಶಿಕ್ಷಣ ಹಕ್ಕು ಕಾಯ್ದೆಯ ಉಚಿತ, ಕಡ್ಡಾಯ ಶಿಕ್ಷಣ ಮುಗಿಯುವುದೂ ಎಂಟಕ್ಕೇ, ಹಾಗಾಗಿ ಆ ತಿರುವಿನಲ್ಲಿ ಕೈಹಿಡಿಯಬೇಕೆನ್ನುವುದು ಸರಿ. ಆದರೆ ಕೈಹಿಡಿಯಲು ಆರಿಸಿಕೊಳ್ಳುವುದು ಯಾರನ್ನು? ಏಳನೆಯಲ್ಲಿ ಶೇ. 55 ತೆಗೆದವರು ಅರ್ಜಿ ಹಾಕಬೇಕು, ಪರಿಶಿಷ್ಟರಿಗೆ ಶೇ. 50. ಆಮೇಲೆ ಎರಡೂ ಪತ್ರಿಕೆ ಸೇರಿ ಶೇ. 40, ಪರಿಶಿಷ್ಟರಾದರೆ ಶೇ. 32 ದಾಟಿ, ಜಿಲ್ಲೆಯ ಮೆರಿಟ್ ಪಟ್ಟಿಯ ಮೇಲ್ತುದಿಯಲ್ಲಿ ನಿಲ್ಲಬೇಕು. ಶಾಲೆ ಬಿಡುವ ಮಗು ಸಾಮಾನ್ಯವಾಗಿ ಈ ಸಾಲಿನಲ್ಲಿ ಇರುವುದಿಲ್ಲ. ಅದು ಆರನೆಯಲ್ಲೇ ಗಣಿತದಲ್ಲಿ ಹಿಂದೆ ಬಿದ್ದಿರುತ್ತದೆ, ಈರುಳ್ಳಿ ಕೀಳುವ ತಿಂಗಳು ಗೈರಾಗಿರುತ್ತದೆ, ಅಪ್ಪ ಅಮ್ಮ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದಾಗ ಅಜ್ಜಿಯ ಮನೆಯಲ್ಲಿ ಉಳಿದಿರುತ್ತದೆ. ಮೆರಿಟ್ ಪಟ್ಟಿಯಲ್ಲಿ ಬರುವ ಮಗುವನ್ನು ಮೇಷ್ಟ್ರು, ಮನೆಯವರು, ಊರಿನವರು ಆಗಲೇ ‘ಇವನು ಓದ್ತಾನೆ’ ಎಂದು ಗುರುತು ಹಾಕಿ ಆಗಿರುತ್ತದೆ. ಹಣ ಬಾರದಿದ್ದರೂ ಅವನು ಒಂಬತ್ತಕ್ಕೆ ಹೋಗುತ್ತಿದ್ದ. ಶಾಲೆ ಬಿಡುವುದನ್ನು ತಡೆಯುವ ಔಷಧಿಯೆಂದು ಇದನ್ನು ಅಳೆದರೆ, ರೋಗ ಇಲ್ಲದವರನ್ನೇ ಹುಡುಕಿ ಔಷಧಿ ಕೊಟ್ಟಂತೆ.

ಇದೇ ರಾಜ್ಯ 2006–07ರಲ್ಲಿ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು, ಮುಂದೆ ಗಂಡುಮಕ್ಕಳಿಗೂ ಕೊಟ್ಟಿತು. ಅದಕ್ಕೆ ಪರೀಕ್ಷೆ ಇರಲಿಲ್ಲ. ಪ್ರೌಢಶಾಲೆ ದೂರ ಎಂಬ ಒಂದೇ ಕಾರಣ ಸಾಕಾಗಿತ್ತು. ಕೋವಿಡ್ ಕಾಲದಲ್ಲಿ ಆ ಸೈಕಲ್ ನಿಂತಿತು. 2021ರಲ್ಲಿ ಬಂದ ರೈತ ವಿದ್ಯಾನಿಧಿಗೂ ಪರೀಕ್ಷೆ ಇಲ್ಲ. ಪಿಯುಸಿ ಓದುವ ರೈತರ ಮಗನಿಗೆ ವರ್ಷಕ್ಕೆ 2,500, ಮಗಳಿಗೆ 3,000. ಮೊತ್ತ ಸಣ್ಣದು, ಆದರೆ ‘ನೀನು ಜಾಣನೋ ಅಲ್ಲವೋ’ ಎಂದು ಅದು ಕೇಳುವುದಿಲ್ಲ. ಶಾಲೆ ಬಿಡುವುದನ್ನು ತಡೆಯಬೇಕೆಂದರೆ ಹೀಗೆ ಎಲ್ಲರಿಗೂ ಸಲ್ಲುವ ದಾರಿಯೇ ಸರಿ. ಎನ್‌ಎಂಎಂಎಸ್‌ ಅನ್ನು ಬೇರೆ ಕಾರಣಕ್ಕೆ ಮೆಚ್ಚಬೇಕು.

ಆ ಕಾರಣ ಪ್ರಶ್ನೆಪತ್ರಿಕೆಯಲ್ಲಿಯೇ ಇದೆ. ಮಾನಸಿಕ ಸಾಮರ್ಥ್ಯಕ್ಕೆ 90 ಪ್ರಶ್ನೆ, 90 ನಿಮಿಷ. ಪಠ್ಯ ವಿಷಯಗಳಿಗೆ ಇನ್ನೊಂದು 90: ವಿಜ್ಞಾನ 35, ಸಮಾಜ 35, ಗಣಿತ 20. ತಪ್ಪಿಗೆ ಅಂಕ ಕಳೆಯುವುದಿಲ್ಲ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಗುರುತು ಹಾಕುತ್ತ ಹೋದರೂ ಸರಾಸರಿ ಇಪ್ಪತ್ತೆರಡು, ಇಪ್ಪತ್ತಮೂರು ಅಂಕ ಬೀಳುತ್ತದೆ. ಸಾಮಾನ್ಯ ವರ್ಗದವರ ಅರ್ಹತೆಗೆ ಬೇಕಾದದ್ದು ಪತ್ರಿಕೆಗೆ ಸರಾಸರಿ 36. ಹಾಗಾಗಿ ಕನಿಷ್ಠ ಗೆರೆ ಅಷ್ಟೇನೂ ಎತ್ತರದ್ದಲ್ಲ, ಎತ್ತರವಿರುವುದು ಮೆರಿಟ್ ಪಟ್ಟಿ. ಎರಡನೇ ಪತ್ರಿಕೆಗೆ ಓದುವುದು ಏಳು, ಎಂಟನೆಯ ಪಠ್ಯವನ್ನೇ. ಅದಕ್ಕೆ ಕೊಟ್ಟ ಸಮಯ ಪರೀಕ್ಷೆ ಕೈಕೊಟ್ಟರೂ ವ್ಯರ್ಥವಾಗುವುದಿಲ್ಲ. ಯಾವುದೇ ವಿದ್ಯಾರ್ಥಿವೇತನ ಪರೀಕ್ಷೆಯ ಬಗ್ಗೆ ನಾನು ಕೇಳುವ ಮೊದಲ ಪ್ರಶ್ನೆ ಇದೇ: ಸಿಗದಿದ್ದವನ ಕೈಯಲ್ಲಿ ಏನು ಉಳಿಯುತ್ತದೆ?

ಮೊದಲ ಪತ್ರಿಕೆಯ ಲಾಭ ಬೇರೆ ತರಹದ್ದು. ಸರಣಿ, ಸಂಕೇತ, ದಿಕ್ಕು, ನಂಟು, ವೆನ್ ಚಿತ್ರ, ಇವೇ ಮುಂದೆ ಎಸ್‌ಡಿಎ, ಪೊಲೀಸ್, ಬ್ಯಾಂಕ್, ರೈಲ್ವೆ ಪರೀಕ್ಷೆಗಳಲ್ಲಿ ವೇಷ ಬದಲಿಸಿಕೊಂಡು ಬರುತ್ತವೆ. ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿಕೊಂಡು, ದುಡ್ಡು ಕೊಟ್ಟು ಇಪ್ಪತ್ತೆರಡರ ಹರೆಯದಲ್ಲಿ ಕಲಿಯುವುದನ್ನು ಹಳ್ಳಿಯ ಮೇಷ್ಟ್ರು ಹದಿಮೂರಕ್ಕೆ ಪುಕ್ಕಟೆ ಕಲಿಸುತ್ತಿದ್ದಾರೆ. ಒಎಂಆರ್ ಹಾಳೆಯಲ್ಲಿ ವೃತ್ತ ತುಂಬುವುದು, ರಿಜಿಸ್ಟರ್ ನಂಬರಿನ ಒಂದು ಅಂಕಿ ತಪ್ಪಿದರೆ ಇಡೀ ಹಾಳೆ ಹೋಗುತ್ತದೆಂಬ ಭಯವನ್ನು ಅರಗಿಸಿಕೊಳ್ಳುವುದು ಸಣ್ಣ ವಿದ್ಯೆಯಲ್ಲ. ಸಿಇಟಿ ಬರೆಯುವ ದಿನ ಮೊದಲ ಬಾರಿ ಒಎಂಆರ್ ನೋಡುವವನಿಗೂ ಇವನಿಗೂ ವ್ಯತ್ಯಾಸವಿದೆ.

ಆದರೂ ಈ ಪತ್ರಿಕೆಯನ್ನು ‘ಬುದ್ಧಿಯ ಅಳತೆ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ತರಬೇತಿಯಿಂದ ಇಷ್ಟು ಬೇಗ ಏರುವ ಅಂಕ ಹುಟ್ಟು ಬುದ್ಧಿಯದ್ದಾಗಿರಲು ಸಾಧ್ಯವಿಲ್ಲ. ಇಂಗ್ಲಿಷ್ ವರ್ಣಮಾಲೆಯ ಮೇಲೆ ನಿಂತ ಸಂಕೇತ ಪ್ರಶ್ನೆಗಳು ಬೇರೆ. ಕೆ ಹನ್ನೊಂದನೆಯದು, ಪಿ ಹದಿನಾರನೆಯದು ಎಂದು ಬಾಯಿಗೆ ಬರದ ಕನ್ನಡ ಮಾಧ್ಯಮದ ಹುಡುಗಿ ಅಲ್ಲಿ ಬೆರಳು ಎಣಿಸುತ್ತ ಕೂತಿರುತ್ತಾಳೆ. ತರ್ಕ ಅವಳಿಗೆ ಗೊತ್ತು, ನಿಮಿಷ ಸಾಲದು.

ತರಗತಿಯೊಳಗೆ ಇನ್ನೊಂದು ಹಾನಿ ಆಗುವುದುಂಟು, ಅದು ಯೋಜನೆಯದ್ದಲ್ಲ, ನಮ್ಮದು. ‘ನಮ್ಮ ಶಾಲೆಯಿಂದ ಇಷ್ಟು ಮಂದಿ ಆಯ್ಕೆ’ ಎಂಬ ಬ್ಯಾನರ್ ದಾಖಲಾತಿ ಹೊತ್ತಿಗೆ ಕೆಲಸಕ್ಕೆ ಬರುತ್ತದೆ. ಬಿಇಒ ಸಭೆಯಲ್ಲಿ ಕ್ಲಸ್ಟರ್‌ವಾರು ಸಂಖ್ಯೆ ಓದುತ್ತಾರೆ. ಹಾಗಾಗಿ ನಲವತ್ತು ಮಕ್ಕಳಲ್ಲಿ ‘ಆಗುವಂಥ’ ಎಂಟು ಹತ್ತು ಮಂದಿಯನ್ನು ಆರಿಸಿ, ಅವರನ್ನು ಪ್ರತ್ಯೇಕ ಕೂರಿಸಿ, ಉಳಿದವರಿಗೆ ‘ನೀವು ಹೋಮ್‌ವರ್ಕ್ ಮಾಡಿಕೊಳ್ಳಿ’ ಎನ್ನುವ ಶಾಲೆಗಳಿವೆ. ಪರೀಕ್ಷೆ ತಿಂಗಳುಗಳ ನಂತರ ಹೇಳಬಹುದಾದ ‘ಇಲ್ಲ’ವನ್ನು ಶಾಲೆ ಮೊದಲೇ ಹೇಳಿಬಿಡುತ್ತದೆ. ಎಲ್ಲ ಮಕ್ಕಳಿಗೂ ಸರಣಿ ಹೇಳಿಕೊಟ್ಟು, ಅರ್ಹರೆಲ್ಲರಿಂದಲೂ ಅರ್ಜಿ ಹಾಕಿಸುವ ಮೇಷ್ಟ್ರುಗಳೂ ಇದ್ದಾರೆ. ಅವರ ಶಾಲೆಯಲ್ಲಿ ಈ ಪರೀಕ್ಷೆಯ ಮೌಲ್ಯವೇ ಬೇರೆ.

ಪರೀಕ್ಷೆ ಪಾಸಾದ ಮೇಲೆ ನಿಜವಾದ ಪರೀಕ್ಷೆ ಶುರುವಾಗುತ್ತದೆ, ಅದಕ್ಕೆ ಯಾವ ಗೈಡೂ ಇಲ್ಲ. ಪಟ್ಟಿಯಲ್ಲಿ ಹೆಸರು ಬಂದರೆ ಹಣ ಬಂತೆಂದಲ್ಲ. ಒಂಬತ್ತಕ್ಕೆ ಬಂದ ಮೇಲೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಹೊಸದಾಗಿ ಅರ್ಜಿ ಹಾಕಬೇಕು. ಓಟಿಪಿ ಬರುವ ಮೊಬೈಲ್ ಬೇಕು, ಅದು ಅಪ್ಪನ ಬಳಿ ಇರುತ್ತದೆ, ಅಪ್ಪ ಕೆಲಸಕ್ಕೆ ಹೋಗಿರುತ್ತಾನೆ. ನಾಡಕಚೇರಿಯ ಆದಾಯ ಪ್ರಮಾಣಪತ್ರ ಬೇಕು. ಶಾಲಾ ದಾಖಲೆಯಲ್ಲಿ ‘ಮಂಜುನಾಥ ಎಚ್.’, ಆಧಾರ್‌ನಲ್ಲಿ ‘ಮಂಜುನಾಥ ಹನುಮಂತಪ್ಪ’ ಎಂದಿದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಅರ್ಜಿಯನ್ನು ಶಾಲೆಯ ನೋಡಲ್ ಅಧಿಕಾರಿ ಪರಿಶೀಲಿಸಬೇಕು, ಆಮೇಲೆ ಜಿಲ್ಲೆಯವರು. ಎರಡರಲ್ಲಿ ಒಂದು ಮೆಟ್ಟಿಲು ಗಡುವು ದಾಟಿದರೂ ಆ ವರ್ಷದ್ದು ಹೋಯಿತು. ಕೊನೆಗೆ ಖಾತೆಗೆ ಆಧಾರ್ ಜೋಡಣೆ, ಎನ್‌ಪಿಸಿಐ ಮ್ಯಾಪಿಂಗ್. ಗೃಹಲಕ್ಷ್ಮಿ ಬಂದ ಮೇಲೆ ಈ ಪದ ಹಳ್ಳಿಯ ಅಮ್ಮಂದಿರಿಗೆಲ್ಲ ಬಾಯಿಪಾಠವಾಗಿದೆ, ಅದೊಂದು ಉಪಕಾರ.

ಇದು ಪ್ರತಿ ವರ್ಷದ ಹಾಡು. ಹತ್ತಕ್ಕೆ ನವೀಕರಣ, ಪ್ರಥಮ ಪಿಯುಸಿಗೆ ನವೀಕರಣ, ದ್ವಿತೀಯಕ್ಕೆ ಮತ್ತೆ. ಇವುಗಳಲ್ಲಿ ಮುರಿದುಬೀಳುವ ಜಾಗ ಎಸ್‌ಎಸ್‌ಎಲ್‌ಸಿಯಿಂದ ಪಿಯುಸಿಗೆ ದಾಟುವಲ್ಲಿ. ಹತ್ತರಲ್ಲಿ ಶೇ. 60 ಬೇಕು, ಪರಿಶಿಷ್ಟರಿಗೆ ಶೇ. 55. ಅಷ್ಟು ತೆಗೆದ ಮಗು ಊರು ಬಿಟ್ಟು ತಾಲ್ಲೂಕಿನ ಕಾಲೇಜಿಗೆ ಹೋಗುತ್ತದೆ. ಎರಡು ವರ್ಷ ಬೆನ್ನು ಹತ್ತಿ ಅರ್ಜಿ ಹಾಕಿಸಿದ ಹೈಸ್ಕೂಲು ಮೇಷ್ಟ್ರು ಅಲ್ಲಿಲ್ಲ. ಹೊಸ ಕಾಲೇಜಿನ ಗುಮಾಸ್ತರಿಗೆ ಇವಳು ಎನ್‌ಎಂಎಂಎಸ್ ಹುಡುಗಿ ಎಂಬುದು ಗೊತ್ತಿಲ್ಲ, ಹೇಳಿದರೂ ‘ಅದು ಹೈಸ್ಕೂಲಿನವರದ್ದಮ್ಮ’ ಎನ್ನುವ ಸಂಭವವೇ ಹೆಚ್ಚು. ಅಂಕ ಚೆನ್ನಾಗಿ ಬಂದಿದ್ದರೆ ಅನುದಾನರಹಿತ ಖಾಸಗಿ ಕಾಲೇಜಿನವರು ಶುಲ್ಕ ರಿಯಾಯಿತಿ ಹೇಳಿ ಕರೆಯುತ್ತಾರೆ. ಅಲ್ಲಿಗೆ ಸೇರಿದರೆ ಈ ವಿದ್ಯಾರ್ಥಿವೇತನ ನಿಂತಿತು. ತಿಂಗಳಿಗೆ ಸಾವಿರ ರೂಪಾಯಿ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಬಸ್ಸು, ಪುಸ್ತಕ, ಹಾಸ್ಟೆಲಿನ ಮೇಲುಖರ್ಚು ಶುರುವಾಗುವ ಈ ಎರಡು ವರ್ಷದಲ್ಲೇ. ನಲವತ್ತೆಂಟು ಸಾವಿರದ ಅರ್ಧ ಕೈತಪ್ಪಲು ದಾರಿ ಇರುವುದೂ ಅಲ್ಲೇ.

ಪೇಟೆಯ ಮಕ್ಕಳ ಕಥೆ ಬೇರೆ. ಅವರ ಪಾಲಿಗೆ ಬಹುಕಾಲ ದೊಡ್ಡ ಹೆಸರು ಎನ್‌ಟಿಎಸ್‌ಇ. 1963ರಲ್ಲಿ ದೆಹಲಿಯ ಹತ್ತು ಮಕ್ಕಳಿಗೆ ವಿಜ್ಞಾನ ಪ್ರತಿಭಾ ಶೋಧವಾಗಿ ಹುಟ್ಟಿ, ಮರುವರ್ಷವೇ ದೇಶಕ್ಕೆಲ್ಲ ಹರಡಿದ ಎನ್‌ಸಿಇಆರ್‌ಟಿಯ ಪರೀಕ್ಷೆ. ಪಿಯುಸಿ ಮಟ್ಟದಲ್ಲಿ ಅದು ಕೊಡುತ್ತಿದ್ದದ್ದು ತಿಂಗಳಿಗೆ 1,250 ರೂಪಾಯಿ. ಅದರ ತಯಾರಿಗೆಂದು ಎಂಟನೆಯಿಂದಲೇ ಫೌಂಡೇಶನ್ ಕೋರ್ಸಿಗೆ ಸುರಿದ ಹಣದ ಮುಂದೆ ಇದು ಚಿಲ್ಲರೆ. ಪೋಷಕರಿಗೆ ಬೇಕಿದ್ದದ್ದು ಹಣವಲ್ಲ, ಮುದ್ರೆ. 2021ರ ಮಾರ್ಚ್‌ವರೆಗೆ ಮಾತ್ರ ಇದ್ದ ಅನುಮತಿ ಮುಂದುವರಿಯದೆ ಪರೀಕ್ಷೆ ನಿಂತಾಗ ಆ ಮುದ್ರೆಯ ಪೇಟೆ ಒಂದೇ ಏಟಿಗೆ ಖಾಲಿಯಾಯಿತು. ಬೆಂಗಳೂರಿನ ಐಐಎಸ್‌ಸಿ ನಡೆಸುತ್ತಿದ್ದ ವಿಜ್ಞಾನ ಫೆಲೊಶಿಪ್ ಪರೀಕ್ಷೆ ಕೆವಿಪಿವೈ 1999ರಿಂದ ನಡೆದು 2022ರಲ್ಲಿ ಕೇಂದ್ರದ ಇನ್‌ಸ್ಪೈರ್ ಯೋಜನೆಯಲ್ಲಿ ಕರಗಿತು. ಅದರ ಫೆಲೊಶಿಪ್ ಮೂಲವಿಜ್ಞಾನ ಓದುವವರಿಗೆ ಮಾತ್ರ ಇದ್ದರೂ, ಐಐಟಿಗೆ ಹೊರಟವರು ಅದನ್ನು ತಾಲೀಮೆಂದು ಬರೆಯುತ್ತಿದ್ದರು. ಪರೀಕ್ಷೆ ಕಠಿಣವೂ ಸೊಗಸೂ ಆಗಿತ್ತು, ನಿಂತದ್ದು ನಷ್ಟವೇ. ಆದರೆ ವಿದ್ಯಾರ್ಥಿವೇತನವಾಗಿ ಅದು ಗುರಿಯಿಟ್ಟವರು ಬೇರೆ, ಸಾಲಿನಲ್ಲಿ ನಿಂತವರು ಬೇರೆ.

ಖಾಲಿಯಾದ ಜಾಗಕ್ಕೆ ಈಗ ಕೋಚಿಂಗ್ ಸಂಸ್ಥೆಗಳು ತಮ್ಮದೇ ‘ಟ್ಯಾಲೆಂಟ್ ಟೆಸ್ಟ್’ ಇಟ್ಟಿವೆ. ‘ಶೇ. 100ರವರೆಗೆ ಸ್ಕಾಲರ್‌ಶಿಪ್’ ಎಂಬ ಜಾಹೀರಾತಿನಲ್ಲಿ ‘ವರೆಗೆ’ ಎಂಬುದನ್ನು ಪೋಷಕರು ಓದುವುದೇ ಇಲ್ಲ. ಶುಲ್ಕ ನಿಗದಿ ಮಾಡುವವರು ಅವರೇ, ಪರೀಕ್ಷೆ ಇಡುವವರು ಅವರೇ, ಕಡಿತ ಘೋಷಿಸುವವರೂ ಅವರೇ. ಮಗುವಿನ ಕೈಗೆ ಒಂದು ರೂಪಾಯಿಯೂ ಬರುವುದಿಲ್ಲ, ಉಳಿದ ಶುಲ್ಕ ಕಟ್ಟಿದರೆ ಮಾತ್ರ ‘ಗೆದ್ದ’ ಮೊತ್ತಕ್ಕೆ ಅರ್ಥ. ಇದನ್ನು ದೀಪಾವಳಿ ಡಿಸ್ಕೌಂಟ್ ಎಂದು ಕರೆಯುವ ಪ್ರಾಮಾಣಿಕತೆ ಇದ್ದಿದ್ದರೆ ತಕರಾರಿರಲಿಲ್ಲ. ಪರೀಕ್ಷೆಯ ನೆಪದಲ್ಲಿ ಅವರಿಗೆ ಸಿಗುವುದು ಪೋಷಕರ ಮೊಬೈಲ್ ನಂಬರು. ಮರುದಿನದಿಂದ ಕರೆ ತಪ್ಪಿದ್ದಲ್ಲ. ಹದಿಹರೆಯದ ಒಂದು ಭಾನುವಾರವನ್ನು ಇದಕ್ಕೆ ಕೊಡುವುದು ನನ್ನ ಮಟ್ಟಿಗೆ ದಂಡ.

ಸರ್ಕಾರಿ ಶಾಲೆಯ ಎಂಟನೆಯಲ್ಲಿ ಓದುವ ಮಗುವಿಗೆ, ಅದರ ತಾಯಿಗೆ ಹೇಳುವುದಾದರೆ: ಬರೆಯಲಿ, ಖಂಡಿತ ಬರೆಯಲಿ. ದುಡ್ಡು ಕೊಟ್ಟು ಟ್ಯೂಷನ್ ಬೇಡ. ಶಾಲೆಯ ತರಗತಿ, ಹಳೆಯ ಪ್ರಶ್ನೆಪತ್ರಿಕೆ ಸಾಕು. ತಯಾರಿಯ ಅರ್ಧ ಮನೆಯ ದೊಡ್ಡವರದ್ದು. ಫಲಿತಾಂಶಕ್ಕೆ ಕಾಯದೆ ಹೆಸರು, ಖಾತೆ, ಆಧಾರ್ ಸರಿಮಾಡಿಸಿ ಇಡಬೇಕು. ಪಿಯುಸಿಗೆ ಸೇರಿಸುವ ದಿನವೇ ಕಾಲೇಜಿನಲ್ಲಿ ನವೀಕರಣದ ಮಾತೆತ್ತಬೇಕು.

ಸರ್ಕಾರಕ್ಕೆ ಹೇಳುವುದೂ ಇದೆ. ಮಗು ಪರೀಕ್ಷೆ ಬರೆದು ಆಗಿದೆ, ಪಟ್ಟಿಯಲ್ಲಿ ಬಂದಾಗಿದೆ. ಅದು ಒಂಬತ್ತು, ಹತ್ತು ದಾಟಿದ್ದು ರಾಜ್ಯದ ಎಸ್‌ಎಟಿಎಸ್ ದತ್ತಾಂಶದಲ್ಲಿ ಅದರದ್ದೇ ಸಂಖ್ಯೆಯ ಎದುರು ದಾಖಲಾಗಿರುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಗಳು ಮಂಡಳಿಯ ಬಳಿಯೇ ಇವೆ. ಇಷ್ಟನ್ನೂ ಇಟ್ಟುಕೊಂಡಿರುವ ಸರ್ಕಾರವೇ ಆ ಮಗುವನ್ನು ಮತ್ತೆ ಪ್ರತಿ ವರ್ಷ ಸೈಬರ್ ಸೆಂಟರಿನ ಸಾಲಿನಲ್ಲಿ ನಿಲ್ಲಿಸಿ ‘ನೀನು ಓದುತ್ತಿದ್ದೀಯೆಂದು ಸಾಬೀತುಮಾಡು’ ಎನ್ನುತ್ತದೆ. ನವೀಕರಣದ ಅರ್ಜಿಯನ್ನು ತೆಗೆದುಹಾಕಿ, ಈ ಎರಡು ದಾಖಲೆಗಳನ್ನು ಇಲಾಖೆಯೇ ಹೊಂದಿಸಿಕೊಳ್ಳಲಿ. 2017ರಿಂದ ಅಲುಗದ 12,000ವನ್ನು ಏರಿಸುವ ಮಾತು ಅದರ ನಂತರ.