ನಾಲ್ಕು ಆಯ್ದರೆ ನಾಲ್ಕೂ ಬರಬೇಕು

ಮಂಗಳೂರಿನವರೊಬ್ಬರ ಮುಂದೆ 'ನಿಮಗೆ ಗೊತ್ತಿರುವ ಭಾಷೆಗಳು' ಎಂಬ ಪಟ್ಟಿ ಇಟ್ಟರೆ ಅವರು ಒಂದನ್ನು ಒತ್ತಿ ಸುಮ್ಮನಾಗುವುದಿಲ್ಲ. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ಬಸ್ಸಿನಲ್ಲಿ ತುಳು, ಶಾಲೆಯಲ್ಲಿ ಕಲಿತ ಕನ್ನಡ, ಕೆಲಸಕ್ಕೆ ಇಂಗ್ಲಿಷ್. ಇದೇ ಕ್ರಮದಲ್ಲಿ ನಾಲ್ಕನ್ನೂ ಆಯ್ದರು ಅನ್ನಿ. ಪುಟದ ಜಾವಾಸ್ಕ್ರಿಪ್ಟ್ ಆ ಪಟ್ಟಿಯ 'ವ್ಯಾಲ್ಯೂ' ಏನೆಂದು ಕೇಳುತ್ತದೆ. ಬರುವ ಉತ್ತರ 'ಇಂಗ್ಲಿಷ್'. ಉಳಿದ ಮೂರು ಭಾಷೆಗಳ ಸುಳಿವೇ ಇಲ್ಲ.

ನನ್ನನ್ನು ಕಾಡುವುದು ಇದು ಸದ್ದಿಲ್ಲದೆ ನಡೆಯುವ ಬಗೆ. ಕನ್ಸೋಲ್‌ನಲ್ಲಿ ಕೆಂಪು ಸಾಲಿಲ್ಲ, ಪುಟ ನಿಲ್ಲುವುದಿಲ್ಲ, ಡೇಟಾಬೇಸಿನಲ್ಲಿ ಒಂದು ಪದ ಅಚ್ಚುಕಟ್ಟಾಗಿ ಹೋಗಿ ಕೂರುತ್ತದೆ. ಬ್ಯಾರಿ ಮಾತಾಡುವ ಮನುಷ್ಯ ಕಾಗದದಲ್ಲಿ ಇಂಗ್ಲಿಷಿನವನಾಗಿಬಿಡುತ್ತಾನೆ. ಬಹು ಆಯ್ಕೆಯ ಪಟ್ಟಿಯಲ್ಲಿ 'ವ್ಯಾಲ್ಯೂ' ಕೊಡುವುದು ಆಯ್ದವುಗಳಲ್ಲಿ ಪಟ್ಟಿಯ ಪ್ರಕಾರ ಮೊದಲು ಬರುವುದನ್ನು ಮಾತ್ರ. ಬೆರಳು ಮೊದಲು ಒತ್ತಿದ್ದನ್ನಲ್ಲ. ಅಕಾರಾದಿಯಾಗಿ ಜೋಡಿಸಿದ ಪಟ್ಟಿಯಲ್ಲಿ ಇಂಗ್ಲಿಷ್ ಮುಂದಿದೆ, ಹಾಗಾಗಿ ಅದೇ ಗೆಲ್ಲುತ್ತದೆ. 'ಸೆಲೆಕ್ಟೆಡ್‌ಇಂಡೆಕ್ಸ್' ಕೇಳಿದರೂ ಅಷ್ಟೇ, ಅದೇ ಮೊದಲನೆಯದರ ಸಂಖ್ಯೆ ಸಿಗುತ್ತದೆ.

'ಸೆಲೆಕ್ಟ್' ಪಟ್ಟಿಗೆ 'ಮಲ್ಟಿಪಲ್' ಎಂಬ ಗುಣ 1995ರ ಎಚ್‌ಟಿಎಂಎಲ್ 2.0ರಲ್ಲೇ ಇತ್ತು. ನೆಟ್‌ಸ್ಕೇಪ್‌ನಲ್ಲಿ ಬ್ರೆಂಡನ್ ಐಕ್ ಜಾವಾಸ್ಕ್ರಿಪ್ಟ್ ಬರೆದದ್ದೂ ಅದೇ ವರ್ಷ. ಹಳಬರ ದಾರಿ ಸರಳ: 'ಆಪ್ಷನ್ಸ್' ಒಂದೊಂದನ್ನೂ ಲೂಪ್‌ನಲ್ಲಿ ಹಾಯ್ದು, 'ಸೆಲೆಕ್ಟೆಡ್' ನಿಜವಿದ್ದರೆ ಅದರ 'ವ್ಯಾಲ್ಯೂ'ವನ್ನು ಅರೆಗೆ ಸೇರಿಸುವುದು. ನನಗೆ ಈ ಲೂಪ್ ಈಗಲೂ ಇಷ್ಟ. ಏನು ನಡೆಯುತ್ತಿದೆ ಎಂಬುದು ಓದಿದ ಕೂಡಲೇ ತಿಳಿಯುತ್ತದೆ, ನಡುವೆ ಬೇಕಾದ ಷರತ್ತನ್ನೂ ಇಡಬಹುದು. ಹೊಸ ದಾರಿ 'ಸೆಲೆಕ್ಟೆಡ್‌ಆಪ್ಷನ್ಸ್'. ಆಯ್ದವು ಮಾತ್ರ ಅದರಲ್ಲಿರುತ್ತವೆ. ಆದರೆ ಅದು ನಿಜವಾದ ಅರೆ ಅಲ್ಲ, ಅದರ ಮೇಲೆ ನೇರವಾಗಿ 'ಮ್ಯಾಪ್' ನಡೆಯದು. ಮೇಲಾಗಿ ಅದು ಜೀವಂತ ಸಂಗ್ರಹ: ಎದುರಿಗಿರುವವರು ಆಯ್ಕೆ ಬದಲಿಸಿದರೆ ನಿಮ್ಮ ಕೈಯಲ್ಲಿರುವುದೂ ಬದಲಾಗುತ್ತದೆ. 2015ರ ಜಾವಾಸ್ಕ್ರಿಪ್ಟ್ ತಂದ 'ಅರೆ.ಫ್ರಮ್'ಗೆ ಅದನ್ನು ಕೊಟ್ಟು, ಪ್ರತಿಯೊಂದರ 'ವ್ಯಾಲ್ಯೂ' ತೆಗೆಯಲು ಹೇಳಿದರೆ ಒಂದೇ ಸಾಲಿನಲ್ಲಿ ನಾಲ್ಕೂ ಭಾಷೆಗಳು ಅರೆಯಾಗಿ ಕೈಗೆ ಬರುತ್ತವೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ 'ಸೆಲೆಕ್ಟೆಡ್‌ಆಪ್ಷನ್ಸ್' ಗುಣವನ್ನು ಕೊನೆವರೆಗೂ ಕಲಿಯಲಿಲ್ಲ. ಹಳೆಯ ಸೈಟುಗಳ ಕೋಡಿನಲ್ಲಿ ಲೂಪ್ ಉಳಿದಿರುವುದಕ್ಕೆ ಅದೂ ಒಂದು ಕಾರಣ.

ಇಡೀ ಫಾರ್ಮನ್ನು ಒಟ್ಟಿಗೆ ಓದುವವರು 'ಫಾರ್ಮ್‌ಡೇಟಾ' ಬಳಸುತ್ತಾರೆ. ಅಲ್ಲಿ 'ಗೆಟ್' ಮೊದಲನೆಯದನ್ನು ಮಾತ್ರ ಕೊಡುತ್ತದೆ, 'ಗೆಟ್‌ಆಲ್' ಎಲ್ಲವನ್ನೂ. ಇವೆರಡೂ ಬೇಡವೆಂದು 'ಆಬ್ಜೆಕ್ಟ್.ಫ್ರಮ್‌ಎಂಟ್ರೀಸ್'ಗೆ ಫಾರ್ಮ್‌ಡೇಟಾ ಸುರಿಯುವ ಅಭ್ಯಾಸ ಈಚೆಗೆ ಬಹಳ ಹಬ್ಬಿದೆ. ನೋಡಲು ಚೆಂದ, ಆದರೆ ಒಂದೇ ಹೆಸರು ಮತ್ತೆ ಮತ್ತೆ ಬಂದಾಗ ಹಿಂದಿನದರ ಮೇಲೆ ಮುಂದಿನದು ಕೂತು, ಕೊನೆಯದಷ್ಟೇ ಉಳಿಯುತ್ತದೆ. ಮೊದಲ ಕೋಡಿನಲ್ಲಿ ಇಂಗ್ಲಿಷಿನವರಾಗಿದ್ದವರು ಇಲ್ಲಿ ಬ್ಯಾರಿ ಬಿಟ್ಟು ಬೇರೇನೂ ಬಾರದವರು! ಸರ್ವರ್‌ನಲ್ಲಿ ಪಿಎಚ್‌ಪಿ ಇದ್ದರೆ ಹೆಸರಿನ ಕೊನೆಗೆ ಖಾಲಿ ಚೌಕ ಆವರಣ ಹಾಕಲೇಬೇಕು. ಹಾಕದಿದ್ದರೆ ಅಲ್ಲಿಯೂ ಕೊನೆಯದಕ್ಕಷ್ಟೇ ಜಾಗ.

ಏನನ್ನೂ ಆಯ್ಕೆ ಮಾಡದವರನ್ನೂ ಮರೆಯಬಾರದು. ಅವರ ಫಾರ್ಮಿನಿಂದ ಆ ಹೆಸರೇ ಸರ್ವರ್‌ಗೆ ಹೋಗುವುದಿಲ್ಲ. 'ಗೆಟ್‌ಆಲ್' ಖಾಲಿ ಅರೆ ಕೊಡುತ್ತದೆ, 'ಗೆಟ್' ನಲ್ ಕೊಡುತ್ತದೆ. ಜೆಕ್ವೆರಿಯ 'ವ್ಯಾಲ್' ಕೂಡ 3.0ಕ್ಕಿಂತ ಮುಂಚೆ ನಲ್ ಕೊಡುತ್ತಿತ್ತು, ಆಮೇಲೆ ಖಾಲಿ ಅರೆ. ಹಳೆಯ ಪ್ರಾಜೆಕ್ಟನ್ನು ಹೊಸ ಆವೃತ್ತಿಗೆ ಏರಿಸುವಾಗ 'ನಲ್ ಇದೆಯೇ' ಎಂದು ಕೇಳುವ ಸಾಲುಗಳನ್ನು ಹುಡುಕಿ ತಿದ್ದಬೇಕು.

ಇನ್ನು ಪಟ್ಟಿಯ ಬಗ್ಗೆಯೇ ನನ್ನ ತಕರಾರು. ಕಂಪ್ಯೂಟರಿನಲ್ಲಿ ಎರಡನೆಯದನ್ನು ಆಯ್ಕೆ ಮಾಡಲು ಕಂಟ್ರೋಲ್ ಕೀ ಒತ್ತಿ ಹಿಡಿಯಬೇಕು, ಮ್ಯಾಕ್ ಆದರೆ ಕಮಾಂಡ್ ಕೀ. ಗೊತ್ತಿಲ್ಲದವರು ಬರಿದೇ ಕ್ಲಿಕ್ಕಿಸಿದರೆ ಹಿಂದಿನ ಆಯ್ಕೆಗಳೆಲ್ಲ ಅಳಿಸಿಹೋಗುತ್ತವೆ. ಸಾರ್ವಜನಿಕರು ತುಂಬುವ ಅರ್ಜಿಯಲ್ಲಿ ಇದನ್ನು ಇಡುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹತ್ತು–ಹನ್ನೆರಡು ಆಯ್ಕೆಗಳಿಗೆ ಚೆಕ್‌ಬಾಕ್ಸ್‌ಗಳೇ ಸಾಕು. ಒಂದೇ ಹೆಸರಿಟ್ಟು, 'ಚೆಕ್ಡ್' ಆಗಿರುವುದನ್ನು 'ಕ್ವೆರಿಸೆಲೆಕ್ಟರ್‌ಆಲ್'ನಿಂದ ಹೆಕ್ಕಬಹುದು. ಯಾವುದು ಹೆಚ್ಚು ಇಷ್ಟ, ಯಾವುದು ಮನೆಮಾತು ಎಂಬುದು ಬೇಕಿದ್ದರೆ ಬೇರೆ ಪ್ರಶ್ನೆ ಕೇಳಿ. ಪಟ್ಟಿಯಾಗಲಿ ಚೆಕ್‌ಬಾಕ್ಸ್ ಆಗಲಿ, ಆಯ್ದ ಕ್ರಮವನ್ನು ನೆನಪಿಡುವುದಿಲ್ಲ.

ಈ ದೋಷ ಇಷ್ಟು ವರ್ಷ ಬದುಕಿರುವುದೇಕೆ ಎಂದರೆ, ಬರೆದವರು ಒಂದನ್ನು ಆಯ್ದು, ಒಂದು ಬಂದದ್ದನ್ನು ನೋಡಿ ಎದ್ದುಬಿಡುತ್ತಾರೆ. ಒಂದೇ ಆಯ್ಕೆಗೆ ಮೇಲಿನ ಎಲ್ಲ ದಾರಿಗಳೂ ಸರಿಯಾದ ಉತ್ತರವನ್ನೇ ಕೊಡುತ್ತವೆ. ಪಟ್ಟಿಯ ನಡುವಿನಿಂದ ಮೂರನ್ನು ಆಯ್ದು ಒಮ್ಮೆ ಕಳಿಸಿ, ಏನನ್ನೂ ಆಯದೆ ಇನ್ನೊಮ್ಮೆ ಕಳಿಸಿ, ಎರಡು ಸಲವೂ ಡೇಟಾಬೇಸಿನವರೆಗೆ ಹೋಗಿ ನೋಡಿ.